ಕಲಬುರಗಿಯ ಕಮರ್ಷಿಯಲ್ ಕಾಂಪ್ಲೆಕ್ಸ್‌ಗೆ ಎಷ್ಟು ಕೆವಿಎ ಡಿಜಿ? ಎಟಿಎಸ್ ಎಲ್ಲಿ ಕೂರಬೇಕು?

ಕಟ್ಟಡ ಮೇಲ್ವಿಚಾರಕ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಒಂದು ಕಾಂಪ್ಲೆಕ್ಸ್ ನೋಡಿಕೊಳ್ಳುತ್ತೇನೆ. ಕೆಳಗೆ ದೊಡ್ಡ ಬಟ್ಟೆ ಅಂಗಡಿ, ಒಂದನೇ ಮಹಡಿಯಲ್ಲಿ ರಕ್ತ ಪರೀಕ್ಷೆ ಲ್ಯಾಬ್, ಎರಡನೆಯದರಲ್ಲಿ ಕೋಚಿಂಗ್ ಸೆಂಟರ್, ಮೂರನೆಯದರಲ್ಲಿ ಆಡಿಟರ್ ಮತ್ತು ವಕೀಲರ ಆಫೀಸುಗಳು. ಇಷ್ಟು ದಿನ ಒಬ್ಬೊಬ್ಬರು ಒಂದೊಂದು ಇನ್ವರ್ಟರ್ ಇಟ್ಟುಕೊಂಡು ನಡೆಸುತ್ತಿದ್ದರು. ಈಗ ಎಲ್ಲರಿಗೂ ಸೇರಿ ಒಂದೇ ಡೀಸೆಲ್ ಜನರೇಟರ್ (ಡಿಜಿ) ಹಾಕಿಸೋಣ ಎಂದು ಮಾಲೀಕರು ಹೇಳಿದ್ದಾರೆ.

ಕೇಳಿದ ಮೂವರೂ ಮೂರು ಲೆಕ್ಕ ಕೊಟ್ಟಿದ್ದಾರೆ. ಒಬ್ಬರು 200 ಕೆವಿಎ (ಜನರೇಟರಿನ ಸಾಮರ್ಥ್ಯದ ಅಳತೆ) ಬೇಕೇ ಬೇಕು ಅಂದರು. ಇನ್ನೊಬ್ಬರು 125. ನಮ್ಮ ಎಲೆಕ್ಟ್ರಿಷಿಯನ್ 82.5 ಧಾರಾಳ ಸಾಕು ಅನ್ನುತ್ತಾರೆ. ಯಾರನ್ನು ನಂಬಬೇಕು ಗೊತ್ತಾಗುತ್ತಿಲ್ಲ.

ಲೋಡ್ ಹೀಗಿದೆ. ಲೈಟು, ಫ್ಯಾನು, ಪ್ಲಗ್ ಪಾಯಿಂಟ್ ಎಲ್ಲ ಸೇರಿ 18 ಕಿಲೋವ್ಯಾಟ್. 2 ಟನ್ನಿನ ಸ್ಪ್ಲಿಟ್ ಎಸಿ 24 ಇವೆ, ಅದು ಸುಮಾರು 48. ಲಿಫ್ಟ್ 10 ಎಚ್‌ಪಿ. ಬೋರ್‌ವೆಲ್ 10 ಎಚ್‌ಪಿ, ಸಂಪ್ ಪಂಪು 5 ಎಚ್‌ಪಿ. ಫೈರ್ ಪಂಪು 30 ಎಚ್‌ಪಿ. ಲ್ಯಾಬಿನದು ಯುಪಿಎಸ್ ಸೇರಿ 15, ಕೋಚಿಂಗ್ ಸೆಂಟರಿನ ಕಂಪ್ಯೂಟರ್‌ಗಳು 8. ಎಲ್ಲ ಕೂಡಿದರೆ 130 ಕಿಲೋವ್ಯಾಟ್ ಹತ್ತಿರ ಬರುತ್ತದೆ. ವಿದ್ಯುತ್ ಕಂಪನಿ ಮಂಜೂರು ಮಾಡಿದ (ಸ್ಯಾಂಕ್ಷನ್) ಲೋಡ್ 90. ಎಟಿಎಸ್, ಅಂದರೆ ಕರೆಂಟು ಹೋದಾಗ ಲೋಡನ್ನು ತಾನಾಗಿ ಡಿಜಿಗೆ ಬದಲಿಸುವ ಸ್ವಿಚ್, ಅದರ ಬಗ್ಗೆಯೂ ಹೇಳಿ. ಒಬ್ಬರು 400 ಆಂಪ್ಸ್ ಬರೆದಿದ್ದಾರೆ, ಇನ್ನೊಬ್ಬರು ಕೈಯಲ್ಲಿ ಎಳೆಯುವ ಚೇಂಜ್ ಓವರ್ ಸಾಕು ಅಂತಾರೆ.

ವಿದ್ಯುತ್ ಗುತ್ತಿಗೆದಾರ, ಹುಬ್ಬಳ್ಳಿ

ನಮಸ್ಕಾರ ಸರ್. 130 ಅನ್ನುವ ನಿಮ್ಮ ಮೊತ್ತವನ್ನು ಸದ್ಯಕ್ಕೆ ಪಕ್ಕಕ್ಕೆ ಇಡಿ. 200 ಕೆವಿಎ ಅಂದವರು ಅದನ್ನೇ ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ಕಿಲೋವ್ಯಾಟ್ ಆಗುವ ಪಾಲು) 0.8ರಿಂದ ಭಾಗಿಸಿ, ಮೇಲೆ ಸ್ವಲ್ಪ ಸೇರಿಸಿ ಬರೆದಿರುತ್ತಾರೆ. ಇರುವ ಎಲ್ಲ ಸಾಮಾನೂ ಒಂದೇ ಗಳಿಗೆಯಲ್ಲಿ ಓಡುವ ಕಟ್ಟಡವನ್ನು ನಾನಂತೂ ನೋಡಿಲ್ಲ.

ಕೆಲವು ವಿಷಯ ತಿಳಿಸಿ. ಕರೆಂಟ್ ಬಿಲ್ಲಿನಲ್ಲಿ ರೆಕಾರ್ಡೆಡ್ ಎಂಡಿ ಎಂದು ಇರುತ್ತದೆ, ಅಂದರೆ ಆ ತಿಂಗಳು ನಿಮ್ಮ ಲೋಡ್ ಮುಟ್ಟಿದ ಅತಿ ಹೆಚ್ಚಿನ ಮಟ್ಟ. ಒಂದು ವರ್ಷದ ಬಿಲ್ಲು ತೆಗೆದು ನೋಡಿ. ಮೋಟಾರುಗಳು ಡಿಒಎಲ್ ಸ್ಟಾರ್ಟರ್ (ನೇರವಾಗಿ ಪೂರ್ತಿ ವೋಲ್ಟೇಜ್ ಕೊಡುವುದು) ಮೇಲೋ, ಸ್ಟಾರ್ ಡೆಲ್ಟಾ (ಮೊದಲು ಕಡಿಮೆ ವೋಲ್ಟೇಜಿನಲ್ಲಿ ಎಬ್ಬಿಸುವುದು) ಮೇಲೋ? ಲಿಫ್ಟ್‌ಗೆ ವಿಎಫ್‌ಡಿ, ಅಂದರೆ ಮೋಟಾರಿನ ವೇಗವನ್ನು ನಿಧಾನಕ್ಕೆ ಏರಿಸುವ ಸಾಧನ, ಇದೆಯಾ? ರಾತ್ರಿ ಅಂಗಡಿ ಮುಚ್ಚಿದ ಮೇಲೆ ಏನೇನು ಓಡುತ್ತದೆ? ಮೇಲೆ ಸೋಲಾರ್ ಇದೆಯಾ? ಪವರ್ ಫ್ಯಾಕ್ಟರ್ ಸರಿಮಾಡುವ ಕೆಪಾಸಿಟರ್ ಪ್ಯಾನಲ್ ಇದೆಯಾ?

ಕಟ್ಟಡ ಮೇಲ್ವಿಚಾರಕ, ಕಲಬುರಗಿ

ಬಿಲ್ಲು ತೆಗೆದೆ. ಮೇ ತಿಂಗಳಲ್ಲಿ ಎಂಡಿ 71 ಕಿಲೋವ್ಯಾಟ್, ಅದೇ ವರ್ಷದ ಗರಿಷ್ಠ. ಡಿಸೆಂಬರಿನಲ್ಲಿ 40ರ ಆಸುಪಾಸು. ಫೈರ್ ಪಂಪು ಸ್ಟಾರ್ ಡೆಲ್ಟಾ. ಬೋರ್‌ವೆಲ್ ಡಿಒಎಲ್. ಲಿಫ್ಟ್‌ಗೆ ವಿಎಫ್‌ಡಿ ಇದೆ. ರಾತ್ರಿ ಲ್ಯಾಬಿನ ಫ್ರಿಜ್, ಡೀಪ್ ಫ್ರೀಜರ್, ಮೆಟ್ಟಿಲು ಲೈಟು, ಸಿಸಿಟಿವಿ ಅಷ್ಟೇ. ಎಲೆಕ್ಟ್ರಿಷಿಯನ್ ಟಾಂಗ್ ಟೆಸ್ಟರ್ ಹಾಕಿ ನೋಡಿದರು, ಸುಮಾರು 6 ಕಿಲೋವ್ಯಾಟ್. ಟೆರೇಸಿನಲ್ಲಿ 20 ಕಿಲೋವ್ಯಾಟ್ ಸೋಲಾರ್ ಇದೆ, ಗ್ರಿಡ್‌ಗೆ ಸೇರಿಸಿದ್ದು. ಕೆಪಾಸಿಟರ್ ಪ್ಯಾನಲ್ ಕೂಡ ಇದೆ.

ವಿದ್ಯುತ್ ಗುತ್ತಿಗೆದಾರ, ಹುಬ್ಬಳ್ಳಿ

ಇಷ್ಟು ಮಾಹಿತಿ ಇದ್ದರೆ ಲೆಕ್ಕ ಮಾಡಬಹುದು. ಒಂದು ಎಚ್ಚರಿಕೆ. ಮೀಟರಿನ ಎಂಡಿ ಗ್ರಿಡ್ಡಿನಿಂದ ಬಂದದ್ದನ್ನು ಮಾತ್ರ ತೋರಿಸುತ್ತದೆ. ಮಧ್ಯಾಹ್ನ ಸೋಲಾರ್ ಕೊಟ್ಟದ್ದು ಅದರಲ್ಲಿ ಇಲ್ಲ. ಆ 71 ಯಾವ ಹೊತ್ತಿನದು ಎಂದು ಗೊತ್ತಾಗಬೇಕು. ಸಂಜೆ ಏಳರ ವ್ಯಾಪಾರದ ಹೊತ್ತಿನದಾದರೆ ಸರಿ. ಮಧ್ಯಾಹ್ನ ಎರಡು ಗಂಟೆಯದಾದರೆ ನಿಜವಾದ ಲೋಡ್ ಇನ್ನೂ ಜಾಸ್ತಿ. ಒಂದು ದಿನ ಸೋಲಾರ್ ಆಫ್ ಮಾಡಿ, ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರೂ ಹೊತ್ತು ಮೂರೂ ಫೇಸಿನ ಆಂಪ್ಸ್ ಬರೆದಿಡಿ. ಸದ್ಯಕ್ಕೆ 71 ಎಂದೇ ಹಿಡಿಯುತ್ತೇನೆ.

ಅದರಲ್ಲಿ ಎಸಿಯ ಪಾಲು ಹೆಚ್ಚುಕಮ್ಮಿ 34 ಇರುತ್ತದೆ. 24 ಎಸಿಯ ಕಂಪ್ರೆಸರೂ ಒಟ್ಟಿಗೆ ಓಡುವುದಿಲ್ಲ ಅಲ್ವಾ. ಜನರೇಟರ್ ಮೇಲೆ ಅರ್ಧ ಎಸಿ ಮಾತ್ರ ಇಟ್ಟರೆ 17 ಕಡಿಮೆಯಾಗಿ ಲೋಡ್ 54, 55ಕ್ಕೆ ಇಳಿಯುತ್ತದೆ. 100 ಕೆವಿಎ ಸೆಟ್ ಅಂದರೆ 0.8 ಪವರ್ ಫ್ಯಾಕ್ಟರಿನಲ್ಲಿ 80 ಕಿಲೋವ್ಯಾಟ್. 55 ಅಂದರೆ ಅದರ ಶೇಕಡ 69. ಇಂಜಿನ್ ಆರಾಮಾಗಿ ಓಡುವ ಜಾಗ ಅದೇ. ಪ್ರೈಮ್ ರೇಟಿಂಗ್ (ಏರಿಳಿಯುವ ಲೋಡನ್ನು ಎಷ್ಟು ಹೊತ್ತಾದರೂ ಎತ್ತುವ) ಸೆಟ್‌ಗೆ 24 ಗಂಟೆಯ ಸರಾಸರಿ ಲೋಡ್ ಶೇಕಡ 70 ದಾಟಬಾರದು ಎಂಬುದು ಜನರೇಟರ್ ಸೆಟ್ಟುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8528ರ ಲೆಕ್ಕ. ಮೇಲೆ ಶೇಕಡ 10 ಓವರ್‌ಲೋಡ್ 12 ಗಂಟೆಗೊಮ್ಮೆ ಒಂದು ಗಂಟೆ ಮಾತ್ರ. ಕೊಟೇಶನ್ನಿನಲ್ಲಿ ಪ್ರೈಮ್ ಎಂದು ಬರೆದಿದೆಯೋ ಸ್ಟ್ಯಾಂಡ್‌ಬೈ (ಅಪರೂಪಕ್ಕೆ ಓಡಿಸಲು ಮಾತ್ರ) ಎಂದೋ ಖಂಡಿತ ನೋಡಿ. ಸ್ಟ್ಯಾಂಡ್‌ಬೈ 100ನ್ನು ಪ್ರೈಮ್ 100ಕ್ಕೆ ಹೋಲಿಸಿ ಬೆಲೆ ಕಡಿಮೆ ಅಂತ ಖುಷಿಪಡಬೇಡಿ.

ಇನ್ನು ಫೈರ್ ಪಂಪು. ಇಲ್ಲಿಯೇ ಬಹಳ ಜನ ಎಡವುತ್ತಾರೆ. 30 ಎಚ್‌ಪಿ ಮೋಟಾರು ಓಡುವಾಗ ಸುಮಾರು 40 ಆಂಪ್ಸ್. ಡಿಒಎಲ್‌ನಲ್ಲಿ ಶುರುವಾಗುವಾಗ ಆರೂವರೆ ಪಟ್ಟು, ಅಂದರೆ 260 ಆಂಪ್ಸ್, ಕೆವಿಎ ಲೆಕ್ಕದಲ್ಲಿ 187. ಸ್ಟಾರ್ ಡೆಲ್ಟಾದಲ್ಲಿ ಅದು ಮೂರನೇ ಒಂದು ಭಾಗಕ್ಕೆ ಬರುತ್ತದೆ, 62 ಕೆವಿಎ. ಬೆಂಕಿ ಬಿದ್ದಾಗ ಎಸಿ ಎಲ್ಲ ಆಫ್ ಆಗಲೇಬೇಕು. ಆಗ ಉಳಿದ ಲೋಡ್ 38 ಕಿಲೋವ್ಯಾಟ್, ಕೆವಿಎಯಲ್ಲಿ 42. ಅದರ ಮೇಲೆ 62 ಕೂತರೆ 104. ಕೆಲವೇ ಸೆಕೆಂಡಿನ ಮಾತು, ಸ್ವಲ್ಪ ವೋಲ್ಟೇಜ್ ಇಳಿದರೂ 100 ಕೆವಿಎ ಸೆಟ್ಟಿನ ಆಲ್ಟರ್ನೇಟರ್ (ಕರೆಂಟು ಹುಟ್ಟಿಸುವ ಭಾಗ) ಅದನ್ನು ಎತ್ತುತ್ತದೆ. ಪಂಪು ಓಡತೊಡಗಿದ ಮೇಲೆ ಒಟ್ಟು 62 ಕಿಲೋವ್ಯಾಟ್. ಅದೇ ಪಂಪು ಡಿಒಎಲ್ ಆಗಿದ್ದರೆ 42 ಮತ್ತು 187, ಅಂದರೆ 229 ಕೆವಿಎ. ವೋಲ್ಟೇಜ್ ಕುಸಿದು ಕಾಂಟ್ಯಾಕ್ಟರುಗಳು (ಲೋಡ್ ಜೋಡಿಸುವ ಸ್ವಿಚ್ಚುಗಳು) ಬಿಟ್ಟುಕೊಂಡು ಲಿಫ್ಟೂ ನಿಂತುಹೋಗುತ್ತಿತ್ತು. ಹಾಗಾಗಿ ಸ್ಟಾರ್ಟರ್ ಯಾವುದು ಎಂಬುದನ್ನು ನೋಡದೆ ಕೆವಿಎ ಹೇಳುವವರ ಮಾತು ಕೇಳಬೇಡಿ.

ಬೋರ್‌ವೆಲ್ ಡಿಜಿ ಮೇಲೆ ಬೇಡ. ಕರೆಂಟು ಇದ್ದಾಗ ಸಂಪು ತುಂಬಿಸಿಕೊಳ್ಳಿ. ಸಂಪ್ ಪಂಪು ಮಾತ್ರ ಇರಲಿ. ನನ್ನ ಮಾತು: 100 ಕೆವಿಎ, ಅರ್ಧ ಎಸಿ.

ಜವಳಿ ವ್ಯಾಪಾರಿ, ದಾವಣಗೆರೆ

ನಾನು ಅಂಗಡಿಯವರ ಕಡೆಯಿಂದ ಹೇಳುತ್ತೇನೆ. ಕಲಬುರಗಿಯಲ್ಲಿ ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟುತ್ತದೆ. ಮದುವೆ ಸೀಸನ್ ಕೂಡ ಅದೇ. ಹತ್ತು ಜನರ ಕುಟುಂಬ ಸೀರೆ ನೋಡಲು ಕೂತಿರುತ್ತದೆ, ಆ ಹೊತ್ತಿಗೆ ಅರ್ಧ ಎಸಿ ನಿಂತರೆ ಗಿರಾಕಿ ಎದ್ದು ಹೋಗುತ್ತಾರೆ. ಅದರ ನಷ್ಟ ಜನರೇಟರಿನ ವ್ಯತ್ಯಾಸಕ್ಕಿಂತ ಹೆಚ್ಚು. ಬಾಡಿಗೆ ಜಾಸ್ತಿ ಕೊಡುವವರೂ ಅವರೇ ಅಲ್ವಾ? 125 ಹಾಕಿಸಿ, ಎಲ್ಲ ಎಸಿ ಕೊಡಿ.

ವಿದ್ಯುತ್ ಗುತ್ತಿಗೆದಾರ, ಹುಬ್ಬಳ್ಳಿ

ನಿಮ್ಮ ಮಾತಿನಲ್ಲಿ ಅರ್ಥ ಇದೆ. 125 ಕೆವಿಎ ಅಂದರೆ 100 ಕಿಲೋವ್ಯಾಟ್, 71 ಅದರ ಮೇಲೆ ಕೂರುತ್ತದೆ. ಎಸಿಗಳು ಒಂದೇ ಸಲ ಶುರುವಾಗದಂತೆ ಟೈಮರ್ ಬೇಕು, ಅಷ್ಟೇ. ಆದರೆ ಮೇ ತಿಂಗಳ ಎಂಡಿ ನೋಡಿ 125, ಡಿಸೆಂಬರ್ ನೋಡಿದರೆ 40 ಕಿಲೋವ್ಯಾಟ್, ರಾತ್ರಿ ನೋಡಿದರೆ 6. ಇದರ ಪರಿಣಾಮ ಏನು ಎಂದು ಸರ್ವಿಸ್ ಮಾಡುವವರು ಯಾರಾದರೂ ಹೇಳಲಿ.

ಡಿಜಿ ಸರ್ವಿಸ್, ಬೆಳಗಾವಿ

ನಾನು ಹೇಳುತ್ತೇನೆ. ದೊಡ್ಡದು ತಂದರೆ ತೊಂದರೆ ಇಲ್ಲ ಎಂದು ಜನ ನಂಬಿದ್ದಾರೆ. ಡೀಸೆಲ್ ಇಂಜಿನ್‌ಗೆ ಅದು ನಿಜವಲ್ಲ. ಶೇಕಡ 30ಕ್ಕಿಂತ ಕಡಿಮೆ ಲೋಡಿನಲ್ಲಿ ಗಂಟೆಗಟ್ಟಲೆ ಓಡಿದರೆ ಸಿಲಿಂಡರ್ ಬಿಸಿಯಾಗುವುದಿಲ್ಲ. ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿಯದ ಡೀಸೆಲ್, ಮಸಿ ಎರಡೂ ಸೇರಿ ಸೈಲೆನ್ಸರಿನಿಂದ ಕಪ್ಪಗೆ ಎಣ್ಣೆಯಂತೆ ಸೋರುತ್ತದೆ. ಲೈನರ್ (ಸಿಲಿಂಡರಿನ ಒಳಗೋಡೆ) ನುಣುಪಾಗಿ ಇಂಜಿನ್ ಆಯಿಲ್ ತಿನ್ನಲು ಶುರು ಮಾಡುತ್ತದೆ.

ಈಗ ಇನ್ನೊಂದು ಸೇರಿಕೊಂಡಿದೆ. 2023ರ ಜುಲೈ 1ರಿಂದ ತಯಾರಾಗುವ ಸೆಟ್ಟುಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಪಿಸಿಬಿ 4 ಪ್ಲಸ್ ಹೊಗೆ ನಿಯಮ. 56 ಕಿಲೋವ್ಯಾಟಿಗಿಂತ ದೊಡ್ಡ ಇಂಜಿನ್‌ಗೆ ಸಾಮಾನ್ಯವಾಗಿ ಎಸ್‌ಸಿಆರ್ (ಹೊಗೆ ಶುದ್ಧ ಮಾಡುವ ಸಾಧನ) ಇರುತ್ತದೆ. ಅದಕ್ಕೆ ಡಿಇಎಫ್, ಅಂದರೆ ಯೂರಿಯಾ ದ್ರಾವಣ, ಡೀಸೆಲ್ ಜೊತೆ ಬೇರೆ ಟ್ಯಾಂಕಿನಲ್ಲಿ ತುಂಬಬೇಕು. ಹೊಗೆ ಸಾಕಷ್ಟು ಬಿಸಿ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಕಡಿಮೆ ಲೋಡಿನಲ್ಲಿ ಯೂರಿಯಾ ಪೈಪಿನಲ್ಲೇ ಬಿಳಿ ಹರಳಾಗಿ ಕಟ್ಟಿಕೊಳ್ಳುತ್ತದೆ, ಅಲಾರಂ ಬರುತ್ತದೆ, ಕೊನೆಗೆ ಇಂಜಿನ್ ತನ್ನ ಶಕ್ತಿಯನ್ನೇ ಇಳಿಸಿಕೊಳ್ಳುತ್ತದೆ. ನಾನು ರಿಪೇರಿಗೆ ಹೋಗುವ ಹೊಸ ಸೆಟ್ಟುಗಳಲ್ಲಿ ಈ ದೂರು ಸಾಮಾನ್ಯ. ಸೆಟ್ಟಿನ ದೋಷ ಅಲ್ಲ, ಲೋಡಿಗೆ ತಕ್ಕ ಸೆಟ್ ಅಲ್ಲ.

ರಾತ್ರಿ 6 ಕಿಲೋವ್ಯಾಟಿಗೆ 200 ಕೆವಿಎ ಓಡಿಸಿದರೆ ಲೋಡ್ ಶೇಕಡ 4ಕ್ಕೂ ಕಡಿಮೆ. 100 ಕೆವಿಎ ಓಡಿಸಿದರೂ ಶೇಕಡ 7.5, ಅದೂ ತಪ್ಪೇ. ಸರಿಯಾದ ಲೋಡಿನಲ್ಲಿ ಒಂದು ಲೀಟರ್ ಡೀಸೆಲ್‌ಗೆ ಮೂರರಿಂದ ಮೂರೂವರೆ ಯೂನಿಟ್ ಬರುತ್ತದೆ. 6 ಕಿಲೋವ್ಯಾಟಿನಲ್ಲಿ ಒಂದೂವರೆ ಬಂದರೆ ಹೆಚ್ಚು. ರಾತ್ರಿಗೆ ಬೇರೆ ದಾರಿ ಮಾಡಿ. ನಿಮ್ಮ ಬಾಡಿಗೆದಾರರ ಬಳಿ ಇನ್ವರ್ಟರುಗಳು ಈಗಲೇ ಇವೆ, ಮಾರಬೇಡಿ. ಲ್ಯಾಬಿನ ಫ್ರಿಜ್‌ಗಳಿಗೆ ಎರಡು ಗಂಟೆ ಎಳೆಯುವಷ್ಟು ಬ್ಯಾಟರಿ ಹಾಕಿ. ಎಎಮ್‌ಎಫ್ ಕಂಟ್ರೋಲರಿನಲ್ಲಿ (ಕರೆಂಟು ಹೋದರೆ ಡಿಜಿಯನ್ನು ತಾನಾಗಿ ಶುರು ಮಾಡುವ ಸಾಧನ) ರಾತ್ರಿ ಅವಧಿಗೆ ತಡಮಾಡಿ ಶುರುವಾಗುವ ಸೆಟಿಂಗ್ ಇಡಿಸಿ. ಕರೆಂಟು ತುಂಬಾ ಹೊತ್ತು ಬಾರದಿದ್ದರೆ ಮಾತ್ರ ಡಿಜಿ ಎದ್ದೇಳಲಿ.

ಬೇಸಿಗೆ ಬಗ್ಗೆಯೂ ಒಂದು ಮಾತು. ಆಲ್ಟರ್ನೇಟರಿನ ಸಾಮಾನ್ಯ ರೇಟಿಂಗ್ 40 ಡಿಗ್ರಿಗೆ, 1000 ಮೀಟರ್ ಎತ್ತರದವರೆಗೆ. ಎತ್ತರದ ಚಿಂತೆ ನಿಮಗೆ ಇಲ್ಲ. ಬಿಸಿಲಿನ ಚಿಂತೆ ಇದೆ. ಕ್ಯಾನೊಪಿಯನ್ನು (ಸೆಟ್ಟಿನ ಸದ್ದು ತಡೆಯುವ ಪೆಟ್ಟಿಗೆ) ಪಶ್ಚಿಮದ ಗೋಡೆಗೆ ಅಂಟಿಸಿ ಇಟ್ಟರೆ, ರೇಡಿಯೇಟರಿನ ಬಿಸಿ ಗಾಳಿ ವಾಪಸ್ ಒಳಗೇ ಬಂದರೆ, 100 ಎಂದು ಬರೆದದ್ದು ಮೇ ಮಧ್ಯಾಹ್ನ 100 ಕೊಡುವುದಿಲ್ಲ. ಶೇಕಡ 69ರಲ್ಲಿ ಓಡುವ ಸೆಟ್‌ಗೆ ಇದು ತೊಂದರೆ ಕೊಡದು. 82.5 ತಂದಿದ್ದರೆ 55 ಅಂದರೆ ಶೇಕಡ 83, ಫೈರ್ ಪಂಪು ಸೇರಿದರೆ ಶೇಕಡ 94. ಆಗ ಉಸಿರಾಡಲು ಜಾಗ ಇರುತ್ತಿರಲಿಲ್ಲ.

ಪ್ಯಾನಲ್ ತಯಾರಕ, ಪೀಣ್ಯ

ಎಟಿಎಸ್ ವಿಷಯ ನಾನು ತೆಗೆದುಕೊಳ್ಳುತ್ತೇನೆ. ಎಷ್ಟು ಆಂಪ್ಸ್ ಎಂದು ಕೇಳುವ ಮೊದಲು ಎಲ್ಲಿ ಕೂರುತ್ತದೆ ಎಂದು ಕೇಳಬೇಕು.

ಮೇನ್ ಇನ್‌ಕಮರ್ (ಹೊರಗಿನ ಕರೆಂಟು ಒಳಬರುವ ಸ್ವಿಚ್) ಮೇಲೆಯೇ ಎಟಿಎಸ್ ಹಾಕಿದರೆ, ಕರೆಂಟು ಇರುವಾಗಲೂ ಇಡೀ ಕಟ್ಟಡದ ಲೋಡ್ ಅದರ ಮೂಲಕವೇ ಹೋಗುತ್ತದೆ. ಆಗ ಡಿಜಿ ಚಿಕ್ಕದಾದರೂ ಎಟಿಎಸ್ ಮೇನ್ಸ್ ಲೆಕ್ಕಕ್ಕೆ ಬರಬೇಕು. ಬದಲಿಗೆ ಪ್ಯಾನಲ್ಲಿನ ಬಸ್‌ಬಾರನ್ನು (ಲೋಡುಗಳಿಗೆ ಕರೆಂಟು ಹಂಚುವ ಲೋಹದ ಪಟ್ಟಿ) ಎರಡು ಮಾಡಿ. ಒಂದರಲ್ಲಿ ಅಗತ್ಯ ಲೋಡ್: ಲಿಫ್ಟ್, ಲೈಟು, ಲ್ಯಾಬ್, ಕಂಪ್ಯೂಟರ್, ಸಂಪ್ ಪಂಪು, ಅರ್ಧ ಎಸಿ, ಫೈರ್ ಪಂಪು. ಇನ್ನೊಂದರಲ್ಲಿ ಉಳಿದ ಎಸಿ, ಬೋರ್‌ವೆಲ್. ಎಟಿಎಸ್ ಮೊದಲನೆಯದಕ್ಕೆ ಮಾತ್ರ. ಎರಡನೆಯದು ಕರೆಂಟು ಬಂದಾಗ ಮಾತ್ರ ಜೀವ ಪಡೆಯುತ್ತದೆ. ಆಗ ಯಾರೂ ಮರೆತು ಎಸಿ ಹಾಕಿ ಡಿಜಿ ಟ್ರಿಪ್ ಮಾಡಿಸುವ ಪ್ರಶ್ನೆಯೇ ಬರುವುದಿಲ್ಲ.

100 ಕೆವಿಎಗೆ ಫುಲ್ ಲೋಡ್ 139 ಆಂಪ್ಸ್. ಡಿಜಿಗೆ 160 ಆಂಪ್ಸಿನ ಎಂಸಿಸಿಬಿ (ದೊಡ್ಡ ಬ್ರೇಕರ್). ಎಟಿಎಸ್ 160 ಸಾಕು, ಆದರೆ ಕಲಬುರಗಿಯ ಬಿಸಿಗೆ, ಪ್ಯಾನಲ್ ಒಳಗಿನ ಬಿಸಿಗೆ ನಾನಾದರೆ 200 ಹಾಕುತ್ತೇನೆ. 400 ಸುಮ್ನೆ ದುಡ್ಡು. ಮೋಟಾರು ಸೇರಿದ ಲೋಡ್ ಆದ್ದರಿಂದ ಎಸಿ-33ಬಿ ದರ್ಜೆಯ ಎಟಿಎಸ್ಸೇ ಇರಲಿ (ಇಲ್ಲಿ ಎಸಿ ಅಂದರೆ ಏರ್ ಕಂಡಿಷನರ್ ಅಲ್ಲ). ಸ್ಟ್ಯಾಂಡರ್ಡ್ ಐಇಸಿ 60947-6-1. ಅದರ ಶಾರ್ಟ್ ಸರ್ಕ್ಯೂಟ್ ತಡೆಯುವ ಶಕ್ತಿಯನ್ನೂ ಕೇಳಿ. ಹತ್ತಿರದಲ್ಲಿ 250 ಕೆವಿಎ ಟ್ರಾನ್ಸ್‌ಫಾರ್ಮರ್ ಇದ್ದರೆ ಅದು 7 ಸಾವಿರ ಆಂಪ್ಸಿಗೂ ಹೆಚ್ಚು ಕೊಡಬಲ್ಲದು. ಡಿಜಿ ಕೊಡುವುದು ಅದರ ಫುಲ್ ಲೋಡಿನ ಮೂರು ಪಟ್ಟು, 400ರ ಆಸುಪಾಸು. ಅದಕ್ಕೇ ಡಿಜಿ ಕಡೆಯ ಬ್ರೇಕರ್‌ನ ಮ್ಯಾಗ್ನೆಟಿಕ್ ಸೆಟಿಂಗ್ (ಶಾರ್ಟ್ ಆದಾಗ ತಕ್ಷಣ ಟ್ರಿಪ್ ಆಗುವ ಮಟ್ಟ) ಕೆಳಗಿರಬೇಕು. ಹತ್ತು ಪಟ್ಟಿಗೆ ಟ್ರಿಪ್ ಆಗುವ ಬ್ರೇಕರ್ ಹಾಕಿದರೆ ಡಿಜಿ ಮೇಲೆ ಶಾರ್ಟ್ ಆದಾಗ ಅದು ತಕ್ಷಣ ಬೀಳುವುದೇ ಇಲ್ಲ.

ಕೈಯಲ್ಲಿ ಎಳೆಯುವ ಚೇಂಜ್ ಓವರ್ ಬೇಡ. ಲಿಫ್ಟ್, ಫೈರ್ ಪಂಪು ಇರುವ ಕಟ್ಟಡದಲ್ಲಿ ರಾತ್ರಿ ವಾಚ್‌ಮನ್ ಎದ್ದು ಬಂದು ಹ್ಯಾಂಡಲ್ ತಿರುಗಿಸಬೇಕು ಅನ್ನುವ ವ್ಯವಸ್ಥೆಗೆ ನಾನು ಒಪ್ಪುವುದಿಲ್ಲ.

ಹೊಸ ಎಂಜಿನಿಯರ್, ಶಿವಮೊಗ್ಗ

ಸರ್, ಎಟಿಎಸ್ 3 ಪೋಲ್ (ಮೂರು ಫೇಸ್ ಮಾತ್ರ ಬದಲಿಸುವುದು) ಸಾಕಾ, 4 ಪೋಲ್ (ನ್ಯೂಟ್ರಲ್ ಕೂಡ ಬದಲಿಸುವುದು) ಬೇಕಾ? 3 ಪೋಲ್ ಕಡಿಮೆ ಬೆಲೆಗೆ ಸಿಗುತ್ತದೆ. ನ್ಯೂಟ್ರಲ್ ಹೇಗೂ ಕಾಮನ್ ಇರುತ್ತದೆ ಅಲ್ವಾ?

ಪ್ಯಾನಲ್ ತಯಾರಕ, ಪೀಣ್ಯ

ಒಳ್ಳೆ ಪ್ರಶ್ನೆ ಕೇಳಿದಿರಿ ಮೇಡಂ. ಡಿಜಿಯ ನ್ಯೂಟ್ರಲ್‌ಗೆ ಅದರದೇ ಅರ್ಥಿಂಗ್ ಇರುತ್ತದೆ, ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್‌ಗೆ ಅದರದು. 3 ಪೋಲ್ ಹಾಕಿದರೆ ಎರಡೂ ನ್ಯೂಟ್ರಲ್ ಯಾವಾಗಲೂ ಸೇರಿಕೊಂಡೇ ಇರುತ್ತವೆ. ಡಿಜಿ ಓಡುವಾಗ ನ್ಯೂಟ್ರಲ್ ಕರೆಂಟಿನ ಒಂದು ಪಾಲು ಭೂಮಿಯ ಮೂಲಕ ಸುತ್ತಿ ಬರುತ್ತದೆ. ಅರ್ತ್ ಫಾಲ್ಟ್ ರಿಲೇ (ಭೂಮಿಗೆ ಕರೆಂಟು ಸೋರಿದರೆ ಟ್ರಿಪ್ ಮಾಡುವ ಸಾಧನ) ಕಾರಣವಿಲ್ಲದೆ ಬೀಳುತ್ತದೆ, ಅಥವಾ ಬೀಳಬೇಕಾದಾಗ ಬೀಳುವುದಿಲ್ಲ. ಅದಕ್ಕಿಂತ ದೊಡ್ಡದು, ಲೈನ್ ಬಂದ್ ಮಾಡಿ ಕಂಬ ಹತ್ತಿದವರ ಕಡೆಗೆ ನಿಮ್ಮ ನ್ಯೂಟ್ರಲ್ ಇನ್ನೂ ಜೋಡಿಸಿಯೇ ಇರುತ್ತದೆ. ಹಾಗಾಗಿ 4 ಪೋಲ್. ಅದರಲ್ಲೂ ನ್ಯೂಟ್ರಲ್ ಮೊದಲು ಸೇರಿ ಕೊನೆಗೆ ಬಿಡುವ ವಿನ್ಯಾಸದ್ದೇ ಆಗಬೇಕು. ಫೇಸ್ ಸೇರಿ ನ್ಯೂಟ್ರಲ್ ಸೇರದೆ ಹೋದರೆ ಸಿಂಗಲ್ ಫೇಸ್ ಸಾಮಾನಿಗೆ 415 ವೋಲ್ಟಿನವರೆಗೂ ಬೀಳಬಹುದು. ಟಿವಿ, ಕಂಪ್ಯೂಟರ್, ಲ್ಯಾಬ್ ಮೆಷಿನ್ ಎಲ್ಲ ಸುಟ್ಟು ಹೋಗುತ್ತವೆ.

ಇನ್ನೊಂದು. ಮೇನ್ಸ್ ಬಿಟ್ಟು ಡಿಜಿ ಹಿಡಿಯುವ ನಡುವೆ ಎಟಿಎಸ್ ಒಂದೆರಡು ಸೆಕೆಂಡು ಮಧ್ಯದ ಆಫ್ ಸ್ಥಾನದಲ್ಲಿ ನಿಲ್ಲಲಿ. ವಾಪಸ್ ಬರುವಾಗಲೂ ಹಾಗೇ. ತಿರುಗುತ್ತಿರುವ ಮೋಟಾರು ತಾನೇ ಸ್ವಲ್ಪ ಹೊತ್ತು ವೋಲ್ಟೇಜ್ ಹುಟ್ಟಿಸುತ್ತಿರುತ್ತದೆ. ಅದು ಇಳಿಯುವ ಮೊದಲೇ ಇನ್ನೊಂದು ಮೂಲ ಬಡಿದರೆ ಕಪ್ಲಿಂಗ್ ಮುರಿಯುವಷ್ಟು ಏಟು ಬೀಳುತ್ತದೆ. ಕರೆಂಟು ಬಂದ ತಕ್ಷಣ ವಾಪಸ್ ಹೋಗುವುದೂ ಬೇಡ, ಎರಡು ಮೂರು ನಿಮಿಷ ನೋಡಿ ಹೋಗಲಿ. ನಮ್ಮಲ್ಲಿ ಕರೆಂಟು ಬಂದು ಮತ್ತೆ ಹೋಗುವುದು ಮಾಮೂಲಿ. ಆಮೇಲೆ ಡಿಜಿ ಖಾಲಿ ಓಡಿ ತಣ್ಣಗಾಗಿ ನಿಲ್ಲಲಿ.

ಯುಪಿಎಸ್ ಎಂಜಿನಿಯರ್, ಮೈಸೂರು

ಲ್ಯಾಬಿನ ಯುಪಿಎಸ್ ಬಗ್ಗೆ ಯಾರೂ ಹೇಳಲಿಲ್ಲ. ಹಳೇ 6 ಪಲ್ಸ್ ರೆಕ್ಟಿಫೈಯರ್ (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ಆದರೆ ಡಿಜಿಯಲ್ಲಿ ಅದಕ್ಕೆ ಒಂದೂವರೆ ಪಟ್ಟಿಗೂ ಹೆಚ್ಚು ಜಾಗ ಬಿಡಬೇಕು. ಈಗಿನ ಐಜಿಬಿಟಿ ಮಾದರಿಗೆ ಅಷ್ಟು ಬೇಡ. ಆದರೆ ಕರೆಂಟು ಹೋಗಿ ಬ್ಯಾಟರಿ ಇಳಿದಿರುವಾಗ ಡಿಜಿ ಬಂದರೆ, ಲ್ಯಾಬ್ ಲೋಡಿನ ಜೊತೆ ಬ್ಯಾಟರಿ ಚಾರ್ಜಿಂಗೂ ಸೇರಿಕೊಳ್ಳುತ್ತದೆ. ಎಎಮ್‌ಎಫ್ ಪ್ಯಾನಲ್ಲಿನಿಂದ ಡಿಜಿ ಓಡುತ್ತಿದೆ ಎಂಬ ಸಿಗ್ನಲ್ ಯುಪಿಎಸ್‌ಗೆ ಕೊಟ್ಟರೆ ಅದು ಚಾರ್ಜಿಂಗ್ ಕಡಿಮೆ ಮಾಡಿಕೊಳ್ಳುತ್ತದೆ. ಬಹಳ ಯುಪಿಎಸ್‌ಗಳಲ್ಲಿ ಈ ಸೌಲಭ್ಯ ಇದೆ, ವೈರ್ ಮಾತ್ರ ಯಾರೂ ಎಳೆದಿರುವುದಿಲ್ಲ.

ಕೆಪಾಸಿಟರ್ ಪ್ಯಾನಲ್ ಡಿಜಿ ಓಡುವಾಗ ತಾನಾಗಿ ಕಳಚಿಕೊಳ್ಳಬೇಕು, ಇದು ಮುಖ್ಯ. ಕಡಿಮೆ ಲೋಡಿನಲ್ಲಿ ಕೆಪಾಸಿಟರ್ ಉಳಿದರೆ ಪವರ್ ಫ್ಯಾಕ್ಟರ್ ಲೀಡಿಂಗ್ ಆಗುತ್ತದೆ (ಕರೆಂಟು ವೋಲ್ಟೇಜಿಗಿಂತ ಮುಂದೆ ಓಡುತ್ತದೆ). ಆಗ ಎವಿಆರ್‌ಗೆ (ವೋಲ್ಟೇಜ್ ಸ್ಥಿರವಾಗಿಡುವ ಸಾಧನ) ಆಲ್ಟರ್ನೇಟರ್ ಹಿಡಿತದಲ್ಲಿ ಉಳಿಯುವುದಿಲ್ಲ, ವೋಲ್ಟೇಜ್ ಮೇಲಕ್ಕೆ ಓಡುತ್ತದೆ.

ಸೋಲಾರ್ ಅಳವಡಿಕೆ, ತುಮಕೂರು

20 ಕಿಲೋವ್ಯಾಟ್ ಸೋಲಾರ್ ಯಾವ ಬಸ್‌ಬಾರ್ (ಬಸ್) ಮೇಲೆ ಬರುತ್ತದೆ ನೋಡಿ. ಅಗತ್ಯ ಬಸ್ ಮೇಲೆ ಬಂದರೆ, ಡಿಜಿ ಓಡಿದಾಗ ಇನ್ವರ್ಟರ್ ಅದನ್ನೇ ಗ್ರಿಡ್ ಎಂದುಕೊಂಡು ಕರೆಂಟು ತಳ್ಳುತ್ತದೆ. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿದ್ದರೆ ಸೋಲಾರ್ ಲೋಡಿಗಿಂತ ಜಾಸ್ತಿ ಆಗಿ ಡಿಜಿಯನ್ನೇ ಹಿಂದಕ್ಕೆ ತಳ್ಳುತ್ತದೆ. ಡಿಜಿಗೆ ಕನಿಷ್ಠ ಲೋಡ್ ಉಳಿಸುವ ಕಂಟ್ರೋಲರ್ ಬೇಕು. ಅಷ್ಟು ಬೇಡ ಅಂದರೆ ಸೋಲಾರನ್ನು ಮೇನ್ಸ್ ಕಡೆಯ ಬಸ್‌ಗೇ ಸೇರಿಸಿ. ಕರೆಂಟು ಹೋದಾಗ ಅದು ತಾನಾಗಿ ನಿಲ್ಲುತ್ತದೆ. ಇಷ್ಟು ಚಿಕ್ಕ ಕಟ್ಟಡಕ್ಕೆ ಎರಡನೆಯದೇ ಸಾಕು.

ಕಟ್ಟಡ ಮೇಲ್ವಿಚಾರಕ, ಕಲಬುರಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೋಲಾರ್ ಆಫ್ ಮಾಡಿ ಅಳೆಯಿಸಿದೆ. ಸಂಜೆಯದೇ ಹೆಚ್ಚು, ಮಧ್ಯಾಹ್ನದ್ದು ಅದರ ಹತ್ತಿರ ಹತ್ತಿರ, 71 ದಾಟಲಿಲ್ಲ. ಬಟ್ಟೆ ಅಂಗಡಿಯವರ ಜೊತೆ ಕೂತು ಮಾತಾಡಿದೆ. ಡಿಜಿ ಪಾಲಿನ 12 ಎಸಿಯಲ್ಲಿ 8 ಅವರಿಗೇ, ಮೇಲಿನವರಿಗೆ 4 ಎಂದು ಒಪ್ಪಂದ ಆಯಿತು. ಮೇಲಿನವರು ಫ್ಯಾನ್ ಇದ್ದರೆ ಸಾಕು ಅಂದರು. 100 ಕೆವಿಎ ಪ್ರೈಮ್, 200 ಆಂಪ್ಸ್ 4 ಪೋಲ್ ಎಟಿಎಸ್ ಎಂದು ಹೊಸ ಕೊಟೇಶನ್ ಕೇಳಿದ್ದೇನೆ. ಜಾಗ ಯಾವುದು, ಪರವಾನಗಿ ಏನು ಬೇಕು ಹೇಳಿ. ಸೆಲ್ಲಾರಿನಲ್ಲಿ ಇಡಬಹುದಾ?

ವಿದ್ಯುತ್ ಗುತ್ತಿಗೆದಾರ, ಹುಬ್ಬಳ್ಳಿ

ಒಳ್ಳೆಯ ಒಪ್ಪಂದ ಮಾಡಿದಿರಿ. ಸೆಲ್ಲಾರ್ ಬೇಡ. ಗಾಳಿ ಸಾಲದು, ಮಳೆ ನೀರು ನುಗ್ಗಿದರೆ ಸೆಟ್ ಹೋದಂತೆ. ಹಿಂದಿನ ಖಾಲಿ ಜಾಗದಲ್ಲಿ, ಮುನ್ಸಿಪಲ್ ನಿಯಮದ ಅಂತರ ಬಿಟ್ಟು, ನೆರಳಿನ ಕಡೆ ಇಡಿ. ಕ್ಯಾನೊಪಿಯಿಂದ 1 ಮೀಟರ್ ದೂರದಲ್ಲಿ ಸದ್ದು 75 ಡೆಸಿಬಲ್ ದಾಟಬಾರದು. ಹೊಗೆ ಪೈಪು ಕಟ್ಟಡದ ಎತ್ತರಕ್ಕಿಂತ ಮೇಲೆ ಹೋಗಬೇಕು. ಎಷ್ಟು ಮೇಲೆ ಅಂದರೆ, ಕೆವಿಎಯ ವರ್ಗಮೂಲವನ್ನು 0.2ರಿಂದ ಗುಣಿಸಿದಷ್ಟು ಮೀಟರ್. 100ಕ್ಕೆ 2 ಮೀಟರ್. ಲ್ಯಾಬಿನ ಕಿಟಕಿಯ ಪಕ್ಕದಲ್ಲಿ ಪೈಪು ನಿಲ್ಲಿಸಿ ಕೈ ತೊಳೆದುಕೊಳ್ಳುವವರಿದ್ದಾರೆ, ಬಿಡಬೇಡಿ. ಪೈಪು ಉದ್ದವಾದಾಗ ಅದರ ವ್ಯಾಸವೂ ದೊಡ್ಡದಾಗಬೇಕು, ಇಲ್ಲದಿದ್ದರೆ ಇಂಜಿನ್‌ಗೆ ಉಸಿರು ಕಟ್ಟುತ್ತದೆ.

ಅರ್ಥಿಂಗ್‌ಗೆ ನಾಲ್ಕು ಗುಂಡಿ: ನ್ಯೂಟ್ರಲ್‌ಗೆ ಎರಡು, ಸೆಟ್ಟಿನ ಲೋಹದ ಮೈಗೆ (ಬಾಡಿ) ಎರಡು. ಡ್ರಾಯಿಂಗ್ ಮಾಡಿಸಿ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಕೊಟ್ಟು ಒಪ್ಪಿಗೆ ತೆಗೆದುಕೊಂಡೇ ಚಾಲೂ ಮಾಡಿ. ಕೆಲಸ ಲೈಸೆನ್ಸ್ ಇರುವ ಗುತ್ತಿಗೆದಾರರೇ ಮಾಡಬೇಕು. ಎರಡು ಮೂಲ ಒಟ್ಟಿಗೆ ಸೇರದಂತೆ ಎಟಿಎಸ್‌ನಲ್ಲಿ ಮೆಕ್ಯಾನಿಕಲ್ ಇಂಟರ್‌ಲಾಕ್ ಇದೆಯೇ ಎಂದು ನಿಮ್ಮ ಕಣ್ಣಾರೆ ನೋಡಿ. ಡಿಜಿ ಕರೆಂಟು ಹೊರಗಿನ ಲೈನಿಗೆ ಹಿಂದಕ್ಕೆ ಹೋದರೆ ಟ್ರಾನ್ಸ್‌ಫಾರ್ಮರ್ ದಾಟಿ 11 ಸಾವಿರ ವೋಲ್ಟ್ ಆಗುತ್ತದೆ. ಲೈನ್‌ಮನ್ ಜೀವ ಅದರ ಮೇಲೆ ನಿಂತಿದೆ.

ಕಟ್ಟಡ ಮೇಲ್ವಿಚಾರಕ, ಕಲಬುರಗಿ

ಸೆಟ್ ಬಂದ ಮೇಲೆ ದುಡ್ಡು ಕೊಡುವ ಮೊದಲು ಏನು ಪರೀಕ್ಷೆ ಮಾಡಿಸಲಿ?

ಡಿಜಿ ಸರ್ವಿಸ್, ಬೆಳಗಾವಿ

ಖಾಲಿ ಓಡಿಸಿ ತೋರಿಸಿದರೆ ಒಪ್ಪಬೇಡಿ. ಸಂಜೆ ವ್ಯಾಪಾರದ ಹೊತ್ತಿಗೆ ಮೇನ್ ಬ್ರೇಕರ್ ಇಳಿಸಿ, ನಿಜವಾದ ಲೋಡಿನಲ್ಲಿ ಒಂದು ಗಂಟೆ ಓಡಿಸಿ. ವೋಲ್ಟೇಜ್, ಫ್ರೀಕ್ವೆನ್ಸಿ, ಮೂರೂ ಫೇಸಿನ ಆಂಪ್ಸ್, ಇಂಜಿನ್ ನೀರಿನ ಬಿಸಿ ಬರೆದಿಡಿ. ಒಂದು ಫೇಸಿನಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಇದ್ದರೆ ಎಸಿಗಳನ್ನು ಅದಲುಬದಲು ಮಾಡಿಸಿ. ಆಮೇಲೆ ಅದೇ ಲೋಡಿನ ಮೇಲೆ ಫೈರ್ ಪಂಪು ಶುರು ಮಾಡಿ, ಫೈರ್ ಸಿಗ್ನಲ್‌ಗೆ ಎಸಿ ಆಫ್ ಆದವೇ, ಪಂಪು ಎದ್ದಿತೇ ನೋಡಿ. ಲಿಫ್ಟಿನಲ್ಲಿ ಒಬ್ಬರನ್ನು ನಿಲ್ಲಿಸಿ ಮೇನ್ಸ್ ವಾಪಸ್ ಕೊಡಿ. ಬ್ಯಾಟರಿ ಚಾರ್ಜರ್ ಕೆಲಸ ಮಾಡುತ್ತಿದೆಯೇ ಎಂದೂ ನೋಡಿ. ಕರೆಂಟು ಹೋದಾಗ ಡಿಜಿ ಸ್ಟಾರ್ಟ್ ಆಗಲಿಲ್ಲ ಎಂದು ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಸತ್ತ ಬ್ಯಾಟರಿಯದೇ. ಇಷ್ಟು ಆದ ಮೇಲೆ ಸಹಿ ಹಾಕಿ.